ಬಾವುಟದ ಅಂಚು

ಎಲ್ಮರ್ ತಿಕೋನಾನಿಗೆ ಸಂಬಳ ಕೊಡುತ್ತಿದ್ದುದು ಕನ್ನಡಕದ ಅಂಗಡಿ. ಆದರೆ ಅವನು ದುಡಿಯುತ್ತಿದ್ದುದು ಅಂಗಡಿಯ ಹೊರಗೆ, ಬೀದಿಯಂಚಿನಲ್ಲಿ, ಬರೀ ಬಾಯಿಯಿಂದ. ಚಿಲಿಯ ಅರಿಕಾದಿಂದ ಗಡಿ ದಾಟಿ ಬರುವ ಬಾಡಿಗೆ ಕಾರುಗಳು ಬೆಳಗಾದರೆ ಸಾಕು, ಪೆರುವಿನ ತಾಕ್ನಾ ಊರಿನೊಳಕ್ಕೆ ಚಿಲಿಯವರನ್ನು ತಂದು ಸುರಿಯುತ್ತಿದ್ದವು. ಹಲ್ಲು ಕಟ್ಟಿಸಿಕೊಳ್ಳುವವರು, ಕನ್ನಡಕ ಮಾಡಿಸುವವರು, ಬೋಟಿಯ ಖಾರದ ಸಾರು ಉಣ್ಣಲಿಕ್ಕೆಂದೇ ಬರುವವರು. ಹಲ್ಲಿನ ಡಾಕ್ಟರುಗಳ ದಲ್ಲಾಳಿಗಳು ಕೈಹಿಡಿದು ಎಳೆದೊಯ್ಯುವ ಮೊದಲೇ ಅವರನ್ನು ಎಲ್ಮರ್ ತನ್ನ ಅಂಗಡಿಯ ಮೆಟ್ಟಿಲು ಹತ್ತಿಸಬೇಕು. ಅದೇ ಅವನ ಕೆಲಸ.

ಯಾರು ಎಲ್ಲಿಯವರೆಂದು ಅವನು ನಡಿಗೆಯಲ್ಲೇ ಹೇಳಬಲ್ಲವನಾಗಿದ್ದ. ಚಿಲಿಯವರು ಅಂಗಡಿಯ ಬೋರ್ಡುಗಳನ್ನು ಓದುತ್ತ ನಡೆಯುತ್ತಾರೆ. ಲಿಮಾದವರು ತಮ್ಮನ್ನು ಯಾರು ನೋಡುತ್ತಿದ್ದಾರೆ ಎಂದು ನೋಡುತ್ತ ನಡೆಯುತ್ತಾರೆ. ಅರಿಕಾದವರು ಸಿಕ್ಕರೆ ಅವನ ಅಜ್ಜಿ ಅರಿಕಾದವಳು. ಲಿಮಾದವರು ಸಿಕ್ಕರೆ ಅವನ ಸೋದರಮಾವ ಲಿಮಾದಲ್ಲಿ. ಬೊಲಿವಿಯಾದವರೊಬ್ಬರು ಸಿಕ್ಕಾಗ ಒಮ್ಮೆ ತನ್ನ ಅಕ್ಕನನ್ನೇ ಆ ದೇಶಕ್ಕೆ ಮದುವೆ ಮಾಡಿ ಕೊಟ್ಟಿದ್ದ, ಅವನಿಗೆ ಅಕ್ಕನಿರಲಿಲ್ಲ. ಪೂನೊ ಕಡೆಯ ಎತ್ತರದ ನಾಡಿನಿಂದ ಬಂದ, ನೆರಿಗೆ ಲಂಗದ, ಗುಂಡು ಟೋಪಿಯ ಹೆಂಗಸರಿಗೆ ಮಾತ್ರ ಅವನು ಏನೂ ಆಗುತ್ತಿರಲಿಲ್ಲ. ಅವರನ್ನು ಕರೆಯುತ್ತಲೇ ಇರಲಿಲ್ಲ. ಅವರು ಕೊಳ್ಳುವವರಲ್ಲ ಎಂದು ಮಾಲೀಕ ದೋನ್ ರೊಮುಲೊ ಮೊದಲ ದಿನವೇ ಹೇಳಿಕೊಟ್ಟಿದ್ದ. ಎಲ್ಮರನ ಅಪ್ಪ ಅವ್ವ ನಿಜವಾಗಿ ಬಂದದ್ದು ಅಲ್ಲಿಂದ.

ಅವನು ಹುಟ್ಟಿದ್ದು ತಾಕ್ನಾದಲ್ಲೇ, ಊರಾಚೆಯ ಮರಳು ಬಡಾವಣೆಯಲ್ಲಿ. ಅಪ್ಪ ಗಡಿಯಾಚೆ ಅರಿಕಾದ ಟೊಮೆಟೊ ತೋಟಗಳಲ್ಲಿ ಕೂಲಿ ಮಾಡುತ್ತ, ಹಬ್ಬಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿದ್ದ. ಅವ್ವ ಸತುರ್ನಿನಾ ಕಾರು ನಿಲ್ದಾಣದ ಮೂಲೆಯಲ್ಲಿ ಕೆನ್ನೀಲಿ ಮೆಕ್ಕೆಜೋಳದ ಅಂಬಲಿ ಮಾರುತ್ತಿದ್ದಳು. ದಾಲ್ಚಿನ್ನಿ, ಲವಂಗ ಹಾಕಿ ಕುದಿಸಿದ್ದು, ಜೊತೆಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ರೊಟ್ಟಿ. ಶಾಲೆಯಲ್ಲಿ ಪ್ರತಿವರ್ಷ ಬಾವುಟದ ನಾಟಕ ಆಡಿಸುತ್ತಿದ್ದರು. ತಲೆತಲಾಂತರದಿಂದ ಊರಿನವರಾದ ಹಳೇ ಓಣಿಯ ಮಕ್ಕಳು ತಾಕ್ನಾದ ವೀರರು, ವೀರಮಾತೆಯರು. ಎಲ್ಮರ್ ಮತ್ತು ಅವನ ಬಡಾವಣೆಯ ಹುಡುಗರು ಚಿಲಿಯ ಸಿಪಾಯಿಗಳು. ಅವನು ಪ್ರತಿವರ್ಷ ಊರನ್ನು ಗೆದ್ದು, ಪ್ರತಿವರ್ಷ ಬಿಟ್ಟುಕೊಟ್ಟು, ಪ್ರತಿವರ್ಷ ಚಪ್ಪಾಳೆಯಿಲ್ಲದೆ ಇಳಿದು ಬರುತ್ತಿದ್ದ. ಅವ್ವ ಮಾತ್ರ ಹಿಂದಿನ ಸಾಲಿನಲ್ಲಿ ನಿಂತು ಒಬ್ಬಳೇ ಚಪ್ಪಾಳೆ ತಟ್ಟುತ್ತಿದ್ದಳು. ಆ ಚಪ್ಪಾಳೆ ಕೇಳಿಸದಿದ್ದರೆ ಸಾಕಪ್ಪಾ ಎನ್ನಿಸುತ್ತಿತ್ತು ಅವನಿಗೆ.

ಬಾವುಟದ ಕತೆ ಊರಿನ ಹಸುಗೂಸಿಗೂ ಗೊತ್ತು. ಯುದ್ಧ ಸೋತ ಮೇಲೆ ಅರ್ಧ ಶತಮಾನ ಊರು ಚಿಲಿಯವರ ಕೈಲಿತ್ತು. ಆಮೇಲೆ ಗೆರೆ ಎಳೆದರು. ತಾಕ್ನಾ ಪೆರುವಿಗೆ ಬಂತು, ಅರಿಕಾ ಆಚೆಗೇ ಉಳಿಯಿತು. ಆ ಸೆರೆಯ ಕಾಲದಲ್ಲಿ ಹೆಂಗಸರು ಬಾವುಟವನ್ನು ಹೊತ್ತು ತುಟಿ ಪಿಟಕ್ಕೆನ್ನದೆ ಬೀದಿಯಲ್ಲಿ ನಡೆದಿದ್ದರಂತೆ. ಅದಕ್ಕೇ ಈಗಲೂ ಆಗಸ್ಟ್ ಕೊನೆಗೆ ಮೆರವಣಿಗೆ. ಊರಿನ ದೊಡ್ಡ ಮೆರವಣಿಗೆ ಬೇರೆ. ಅದರ ಹಿಂದಿನ ದಿನ ಹಳೇ ಓಣಿಯದೇ ಒಂದು ಚಿಕ್ಕದು. ಕೋಲಿಲ್ಲ. ಬಾವುಟವನ್ನು ಹಾಸಿಗೆಯಂತೆ ಬಿಡಿಸಿ, ಸುತ್ತ ಅಂಚು ಹಿಡಿದು, ಹೆಂಗಸರು ಮಾತಿಲ್ಲದೆ ನಡೆಯುತ್ತಾರೆ. ಮೇಲಿನ ಮಹಡಿಗಳಿಂದ ಜನ ಹೂವಿನ ಪಕಳೆ ಸುರಿಯುತ್ತಾರೆ. ಅಂಚಿನಲ್ಲಿ ಯಾರ ಕೈ ಎಲ್ಲಿ ಎಂಬುದು ಅಮ್ಮನಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬರುವ ಆಸ್ತಿ. ಓಣಿಯ ಹೆಂಗಸರ ಸಂಘಕ್ಕೆ ದೋನ್ಯಾ ಸೊಯ್ಲಾ ಹಿರಿಯಳು. ಆಕೆ ಒಪ್ಪದೆ ಒಂದು ಬೆರಳೂ ಆ ಬಟ್ಟೆಗೆ ತಾಗುವಂತಿರಲಿಲ್ಲ.

ಓಣಿಯ ಆ ಚಿಕ್ಕ ಮೆರವಣಿಗೆಯ ಹಿಂದಿನ ದಿನ ಅಂಗಡಿಗೆ ಒರ್ತೆನ್ಸಿಯಾ ಎಂಬ ಮುದುಕಿ ಬಂದಳು. ಅರಿಕಾದ ಶಾಲೆಯೊಂದರಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಒಂದು ಫ್ರೇಮು ಹಾಕಿಕೊಳ್ಳುವಳು, ಕನ್ನಡಿ ನೋಡುವಳು, ತೆಗೆಯುವಳು. ದುಬಾರಿಯದು ಕಣ್ಣಿಗೆ ಹಿಡಿಸಿತ್ತು, ಕೈಗೆ ಹಿಡಿಸಿರಲಿಲ್ಲ.

“ವಯಸ್ಸಾದವಳಿಗೆ ಇದು ಸ್ವಲ್ಪ ಜಾಸ್ತಿ ಆಗಲ್ವೇನಪ್ಪಾ?”

“ದೊಡ್ಡಮ್ಮಾ, ಕನ್ನಡಕಕ್ಕೆ ವಯಸ್ಸು ಗೊತ್ತಾಗಲ್ಲ. ಎಲ್ಲಿಂದ ಬಂದ್ರಿ, ಅರಿಕಾನಾ? ನಮ್ಮಜ್ಜಿನೂ ಅರಿಕಾದವ್ಳೇ!”

“ಹೌದಾ? ನಮ್ಮದು ಉಲ್ಟಾ ನೋಡು. ನಮ್ಮಮ್ಮ ಇಲ್ಲೇ ಹುಟ್ಟಿದ್ದು, ಈ ಹಿಂದುಗಡೆ ಓಣೀಲಿ. ನಮ್ಮಪ್ಪನಿಗೆ ಅರಿಕಾದಲ್ಲಿ ರೈಲ್ವೆ ಕೆಲಸ. ಗೆರೆ ಎಳೆದಾಗ ಆಚೆಗೇ ಉಳ್ಕೊಂಡ್ಳು. ಸಾಯೋ ತನಕ ಆಗಸ್ಟ್ ಬಂದ್ರೆ ಇಲ್ಲಿಗೆ ಬಂದು, ಬೀದೀಲಿ ನಿಂತು ನೋಡಿ ಹೋಗ್ತಿದ್ಳು.”

ಇಲ್ಲಿ ಸುಮ್ಮನಾಗಿದ್ದರೆ ಎಲ್ಮರ್ ಇನ್ನೂ ಮನುಷ್ಯನಾಗಿ ಉಳಿಯುತ್ತಿದ್ದ. ಆದರೆ ಮುದುಕಿಯ ಕೈ ಫ್ರೇಮಿನ ಮೇಲೇ ಇತ್ತು. ಇನ್ನೊಂದೇ ನೂಕು ಸಾಕಿತ್ತು.

“ಹಾಗಾದ್ರೆ ನೀವು ನಮ್ಮೋರೇ ಆದ್ರಲ್ಲ! ನೋಡೋದೇನು ದೊಡ್ಡಮ್ಮಾ, ನಾಳೆ ಬನ್ನಿ, ನೀವೇ ಬಾವುಟ ಹಿಡೀರಿ. ಸಂಘದ ದೋನ್ಯಾ ಸೊಯ್ಲಾ ನಮ್ಮ ಗಿರಾಕಿ. ನನ್ನ ಕಂಡ್ರೆ ಮಗನ ಥರ. ಒಂದು ಮಾತು ಹೇಳಿದ್ರಾಯ್ತು.”

ಮುದುಕಿ ಕನ್ನಡಿ ಬಿಟ್ಟು ಅವನ ಮುಖ ನೋಡಿದಳು. ದುಬಾರಿಯದನ್ನೇ ಕಟ್ಟಿಸಿಕೊಂಡು, ಹೋಗುವಾಗ ಅವನ ಕೆನ್ನೆ ಸವರಿ ಹೋದಳು. ಸಂಜೆ ಅವನು ಇದನ್ನು ಅಂಬಲಿ ಕುಡಿಯುತ್ತ ಅವ್ವನಿಗೆ ತಮಾಷೆಯಾಗಿ ಹೇಳಿದ. ಅವ್ವ ನಗಲಿಲ್ಲ. “ಬಂದ್ರ ಏನ ಮಾಡ್ತಿ?” ಎಂದಷ್ಟೇ ಕೇಳಿದಳು.

“ಯಾರ್ ಬರ್ತಾರ ಬಿಡವ್ವಾ. ಬರ್ತೀನಿ ಅಂದೋರೆಲ್ಲಾ ಬಂದಿದ್ರ ಈ ಊರಾಗ ನಿಲ್ಲಾಕ ಜಾಗಾ ಇರ್ತಿರಲಿಲ್ಲ.”

ಮರುದಿನ ಅಂಗಡಿ ತೆರೆಯುವಾಗಲೇ ಒರ್ತೆನ್ಸಿಯಾ ಮೆಟ್ಟಿಲ ಮೇಲೆ ನಿಂತಿದ್ದಳು. ಕಪ್ಪು ಉಡುಪು, ಬಿಳಿ ಕೈಗವಸು, ಹೊಸ ಕನ್ನಡಕ. ತಲೆಗೂದಲನ್ನು ಪಾರ್ಲರಿನಲ್ಲಿ ಸುರುಳಿ ಮಾಡಿಸಿದ್ದಳು. ಕೈಲೊಂದು ಡಬ್ಬಿ.

“ಸಂಘದೋರಿಗೆ ಅಂತ ನಮ್ಮ ಕಡೆ ಆಲಿವ್ ಕಾಯಿ ತಂದೆ ಕಣಪ್ಪಾ. ಬರಿಗೈಲಿ ಹೇಗೆ ಬರ್ಲಿ? ನಮ್ಮ ಬೀದಿಯೋರಿಗೆಲ್ಲಾ ಹೇಳಿಬಿಟ್ಟಿದೀನಿ. ನನ್ನ ತಂಗಿಯಂತೂ ಫೋನಲ್ಲೇ ಅತ್ತುಬಿಟ್ಳು.”

ಎಲ್ಮರ್ ಫ್ರೇಮುಗಳ ಸ್ಟ್ಯಾಂಡಿನ ಹಿಂದೆ ಸರಿದ. ಅದು ಗಾಜಿನದು ಎಂಬುದು ಆ ಗಳಿಗೆಯಲ್ಲಿ ಮರೆತಿತ್ತು. ಒಳಗಿನಿಂದ ದೋನ್ ರೊಮುಲೊ ಕೂಗಿದ: “ಲೋ ಎಲ್ಮರ್, ಯಾಕೋ ಅಡಗ್ಕೊಂಡಿದೀಯ? ಅರಿಕಾದಿಂದ ನಿಮ್ಮಜ್ಜಿ ಬಂದಿದಾರೆ ನೋಡೋ! ಎಷ್ಟು ಅಜ್ಜಿಯರೋ ಮಾರಾಯ ನಿನಗೆ!”

ಸಂಘ ಒಪ್ಪಲಿಲ್ಲ ಎಂದು ಇಲ್ಲೇ ಸುಳ್ಳು ಹೇಳಿಬಿಡಬಹುದಿತ್ತು. ಸುಳ್ಳಿಗೆ ಅವನಲ್ಲಿ ಬರವಿರಲಿಲ್ಲ. ಆದರೆ ಆ ಬಿಳಿ ಕೈಗವಸುಗಳನ್ನು ನೋಡಿ ನಾಲಿಗೆ ಏಳಲಿಲ್ಲ. “ಬನ್ನಿ ದೊಡ್ಡಮ್ಮಾ” ಎಂದು ಅವಳನ್ನು ಕರೆದುಕೊಂಡು ಹೊರಟ.

ಓಣಿಯ ಪ್ರಾರ್ಥನಾಮಂದಿರದ ಅಂಗಳದಲ್ಲಿ ಹೆಂಗಸರು ಬಾವುಟ ಬಿಡಿಸುತ್ತಿದ್ದರು. ಒಬ್ಬಳು ಮಡಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮೂಲೆಯಲ್ಲಿ ಸತುರ್ನಿನಾ ಅಂಬಲಿಯ ಡಬರಿ ಇಟ್ಟುಕೊಂಡು ಕಪ್ಪುಗಳಿಗೆ ಬಗ್ಗಿಸುತ್ತಿದ್ದಳು. ಹೊರಡುವ ಮುಂಚೆ ಸಂಘದವರು ಪ್ರತಿವರ್ಷ ಕುಡಿಯುವುದು ಅವಳ ಕೈಯ ಅಂಬಲಿಯನ್ನೇ. ಎಲ್ಮರ್ ಅವ್ವನನ್ನು ಕಂಡ, ಕಾಣದವನಂತೆ ಮುಂದೆ ಹೋದ. ಮುದುಕಿಯನ್ನು ಬಾಗಿಲ ಬಳಿ ನಿಲ್ಲಿಸಿ ದೋನ್ಯಾ ಸೊಯ್ಲಾಳ ಮುಂದೆ ಕೈಕಟ್ಟಿ ನಿಂತು ವಿಷಯ ಹೇಳಿದ.

“ಯಾರಯ್ಯಾ ಆಕೆ? ಗುರುತಿನ ಕಾರ್ಡು ಯಾವ ದೇಶದ್ದು?”

“ಚಿಲಿದು ಅಮ್ಮಾವ್ರೆ. ಆದ್ರೆ ಅವರಮ್ಮ...”

“ಚೆನ್ನಾಗಿದೆ! ಅವರ ಕೈಯಿಂದ ತಪ್ಪಿಸಿಕೊಂಡ ಬಾವುಟಾನ ಅವರ ಕೈಗೇ ಕೊಡು ಅಂತೀಯ. ಕನ್ನಡಕ ಮಾರೋನಿಗೆ ಇದೆಲ್ಲಾ ಯಾಕಯ್ಯಾ?”

ಹೆಂಗಸರು ನಕ್ಕರು. ಎಲ್ಮರ್ ತಿರುಗಿ ನೋಡಿದ. ಬಾಗಿಲಲ್ಲಿ ಒರ್ತೆನ್ಸಿಯಾ ಡಬ್ಬಿಯನ್ನು ಎದೆಗವಚಿಕೊಂಡು, ದೂರದ ಮಾತು ಹಿಡಿಯದ ಮುದಿ ಕಿವಿಗೆ ಏನೂ ಕೇಳಿಸದಿದ್ದರೂ ಎಲ್ಲರಿಗೂ ನಗುಮುಖ ತೋರಿಸುತ್ತ ನಿಂತಿದ್ದಳು. ಆಗ ಅವನ ಬಾಯಿಂದ ಅವನಿಗೇ ಗೊತ್ತಿರದ ಮಾತುಗಳು ಹೊರಟವು.

“ಗೆರೆ ಎಳೆದೋರು ಅವರಮ್ಮನ್ನ ಕೇಳಿ ಎಳೆದ್ರಾ ಅಮ್ಮಾವ್ರೆ? ಹೊಟ್ಟೆಪಾಡು ಎಲ್ಲಿತ್ತೋ ಅಲ್ಲಿ ಇದ್ರು. ಹೊಟ್ಟೆಪಾಡಿಗೆ ಊರು ಬದಲಾಯಿಸಿದೋರು ಬೇರೆಯೋರಾಗಿಬಿಡ್ತಾರಾ? ಈ ಬಾವುಟ ಹೋಗುವಾಗ ವರ್ಷ ವರ್ಷ ಬೀದೀಲಿ ನಿಂತು ನೋಡಿದಾರೆ. ಎದೇಲಿ ಇಟ್ಕೊಂಡಿದಾರೆ. ಹುಟ್ಟು ಯಾರ ಕೈಲೂ ಇಲ್ಲ. ಪ್ರೀತಿ ಅವರವರ ಕೈಲಿದೆ. ಹಾಗೆ ನಿಂತು ನೋಡೋರಿಗೆ ಮುಟ್ಟೋಕೂ ಕೊಡದೆ ಇದ್ರೆ ಇದು ಊರಿನ ಬಾವುಟ ಹೇಗಾಗತ್ತೆ? ನಾಲ್ಕು ಮನೆಯೋರ ಮೇಜಿನ ಬಟ್ಟೆ, ಅಷ್ಟೇ.”

ಇಸ್ತ್ರಿ ಹಾಕುತ್ತಿದ್ದವಳ ಕೈ ನಿಂತಿತು. ದೋನ್ಯಾ ಸೊಯ್ಲಾ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಕೆ ಕೆಟ್ಟವಳಲ್ಲ, ಅವಳ ಅಜ್ಜಿಯೂ ಯಾವ ಕಾಲದಲ್ಲೋ ಈ ಅಂಚು ಹಿಡಿದು ಹೆದರುತ್ತ ನಡೆದವಳೇ. ಮೇಲಾಗಿ ಸಂಘದ ಒಬ್ಬಾಕೆ ಹಿಂದಿನ ವಾರ ಬಚ್ಚಲಲ್ಲಿ ಜಾರಿ ಬಿದ್ದು ಮಲಗಿದ್ದಳು. ಅಂಚಿಗೆ ಒಂದು ಕೈ ಕಡಿಮೆಯಿತ್ತು.

“ಡಬ್ಬೀಲಿ ಏನದು?”

“ಆಲಿವ್ ಅಮ್ಮಾವ್ರೆ. ಅರಿಕಾದ್ದು.”

ಒಂದು ತರಿಸಿ ಬಾಯಿಗೆ ಹಾಕಿಕೊಂಡಳು. “ನಮ್ಮದರ ಮುಂದೆ ಏನೂ ಅಲ್ಲ” ಎಂದು ಇನ್ನೊಂದು ತೆಗೆದುಕೊಂಡಳು. “ಹಿಂದಿನ ಮೂಲೇಲಿ, ನನ್ನ ಪಕ್ಕ ನಿಂತ್ಕೊಳ್ಳಲಿ. ಬಾಯಿ ಬಿಡೋ ಹಾಗಿಲ್ಲ ಅಂತ ಹೇಳು.”

ಒರ್ತೆನ್ಸಿಯಾ ಒಳಗೆ ಬಂದಳು. ಅಂಚು ಮುಟ್ಟುವ ಮುಂಚೆ ಕೈಗವಸು ಬಿಚ್ಚಿ, ಏನನ್ನೋ ಯೋಚಿಸಿ, ಮತ್ತೆ ಹಾಕಿಕೊಂಡಳು. ಎಲ್ಮರನಿಗೆ ಎದೆ ಹಗುರಾಯಿತು. ಬಾಳಿನಲ್ಲಿ ಮೊದಲ ಬಾರಿಗೆ ಮಾರಿದ ಸರಕನ್ನು ಕೊಟ್ಟೂ ಇದ್ದ. ಹಿಗ್ಗಿ ತಿರುಗಿದರೆ ಅವ್ವ ಎದುರಿಗಿದ್ದಳು. ಕೈಯಲ್ಲಿ ಒಂದು ಕಪ್ಪು ಅಂಬಲಿ.

“ಕುಡಿ. ಭಾಳ ಮಾತಾಡಿ ಗಂಟಲಾ ಒಣಗಿರತೈತಿ.”

ಅವನು ಇಸಿದುಕೊಂಡ.

“ಚಲೋ ಮಾತಾಡಿದಿ ಮಗನ. ಎಲ್ಲಾ ಕೇಳಿಸ್ಕೊಂಡ್ನಿ. ಹೊಟ್ಟಿಪಾಡಿಗೆ ಬಂದೋರು, ನಿಂತ ನೋಡೋರು, ಎದಿಯಾಗ ಇಟಗೊಂಡೋರು... ಇಷ್ಟ ವರ್ಷ ಈ ಮಾತು ಎಲ್ಲಿಟ್ಟಿದ್ದಿ?”

ಮನೆಯಲ್ಲಾಗಿದ್ದರೆ ಅವನೂ ಅವ್ವನ ಮಾತಿನಲ್ಲೇ ಆಡುತ್ತಿದ್ದ. ಇಲ್ಲಿ ಊರಿನ ಮಾತೇ ಬಾಯಿಗೆ ಬಂತು. “ನೀನು ಯಾವತ್ತೂ ಕೇಳ್ಲೇ ಇಲ್ವಲ್ಲ ಅವ್ವಾ.”

“ಆಕಿನೂ ಕೇಳಿರಲಿಲ್ಲಲ್ಲೋ. ನೀನ ಕರದು ಕೊಟ್ಟಿ.” ಅವ್ವ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಡುತ್ತಿದ್ದಳು. “ನಾ ಈ ಊರಿಗೆ ಬಂದಾಗ ನೀ ಹೊಟ್ಟ್ಯಾಗ ಇದ್ದಿ. ಆವಾಗಿಂದ ವರ್ಷಾ ಇಲ್ಲಿ ಬಂದ ಬಗ್ಗಸ್ತೀನಿ. ಇರ್ಲಿ. ಊರಿಗೆ ಉಪಕಾರಿ, ಮನಿಗೆ ಮಾರಿ ಅಂತ ಸುಮ್ಮನ ಅಂದಿಲ್ಲ ಹಿರ್ಯಾರು.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಕಪ್ಪು ಎಣಿಸುವವಳ ಹಾಗೆ, ಕೆಲಸದ ನಡುವೆ ಹೇಳಿದಳು. ಎಲ್ಮರನ ಕಿವಿ ಕೆಂಪಾಯಿತು. ಆ ಮಾತುಗಳನ್ನೆಲ್ಲ ಅವನು ಎಲ್ಲಿಂದ ತಂದಿದ್ದ ಎಂಬುದು ಆಗ ಹೊಳೆಯಿತು. ಮುದುಕಿಯ ಬಾಳಿನಿಂದಲ್ಲ, ಅವಳ ಪರಿಚಯವಾಗಿ ಒಂದು ದಿನವಾಗಿತ್ತಷ್ಟೆ. ನಿಂತು ನೋಡುವುದೆಂದರೇನೆಂದು ಅವನು ಕಂಡದ್ದು ಈ ಅವ್ವನಲ್ಲೇ. ಅವಳ ಬುತ್ತಿ ಬಿಚ್ಚಿ ದಾರಿಹೋಕಳಿಗೆ ಬಡಿಸಿದ್ದ.

“ಇಲ್ಲೇ ಇರು” ಎಂದವನೇ ಮತ್ತೆ ದೋನ್ಯಾ ಸೊಯ್ಲಾಳ ಬಳಿ ಹೋದ. ಒರ್ತೆನ್ಸಿಯಾಳಿಗೆ ಆಚೆ ಬದಿಯಲ್ಲಿ ಯಾರೋ ಅಂಚು ಹಿಡಿಯುವ ಬಗೆ ತೋರಿಸಿಕೊಡುತ್ತಿದ್ದರು. ಹೋಗುವಷ್ಟರಲ್ಲಿ ಮೊದಲಿನ ಬೆಂಕಿ ಆರಿತ್ತು. ಬೇರೆಯವರಿಗಾಗಿ ಅರಳಿದ ನಾಲಿಗೆ ತನ್ನವರ ಹೆಸರು ಬಂದಾಗ ಒಣಗಿದ ಚರ್ಮವಾಯಿತು.

“ಅಮ್ಮಾವ್ರೆ, ಇನ್ನೊಂದು... ಬೇಜಾರು ಮಾಡ್ಕೋಬೇಡಿ. ನಮ್ಮವ್ವನೂ... ಎಲ್ಲಾದ್ರೂ ಒಂದು ಕಡೆ...”

“ಯಾರು, ಸತುರ್ನಿನಾನಾ?” ದೋನ್ಯಾ ಸೊಯ್ಲಾ ಬಾವುಟದಿಂದ ತಲೆ ಎತ್ತಿ ನಕ್ಕಳು. “ಅಯ್ಯೋ ಮಾರಾಯ, ಅವಳೂ ಬಾವುಟ ಹಿಡ್ಕೊಂಡ್ರೆ ನಮಗೆ ಅಂಬಲಿ ಯಾರು ಕೊಡೋದು? ನೀನು ಬಂದು ಬಗ್ಗಿಸ್ತೀಯಾ?”

ಸುತ್ತಲಿನವರೂ ನಕ್ಕರು. ಆ ನಗೆಯಲ್ಲಿ ವಿಷವಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಕೋಪ ಮಾಡಿಕೊಳ್ಳಬಹುದಿತ್ತು. ಅದು ಸತುರ್ನಿನಾಳ ಅಂಬಲಿಯನ್ನು ನಿಜವಾಗಿ ಇಷ್ಟಪಡುವವರ ನಗೆ. ಅಂಥ ನಗೆಗೆ ಎದುರಾಗಿ ನಿಲ್ಲುವುದು ಅವನಿಗೆ ಯಾರೂ ಕಲಿಸಿರಲಿಲ್ಲ. ಗಿರಾಕಿ ನಕ್ಕಾಗ ನಗುವುದನ್ನು ಮಾತ್ರ ಕಲಿತಿದ್ದ. ಅವನೂ ನಕ್ಕ.

ನಕ್ಕು ಮುಗಿಯುವ ಮುನ್ನವೇ ಅವ್ವನ ಕಡೆ ನೋಡಿದ. ಅವಳು ಡಬರಿಯ ಮುಚ್ಚಳ ಹಾಕುತ್ತಿದ್ದಳು. ಎಷ್ಟು ಕೇಳಿಸಿತೋ ತಿಳಿಯಲಿಲ್ಲ. ಎಲ್ಲವೂ ಕೇಳಿಸುವಷ್ಟು ಚಿಕ್ಕದಾಗಿತ್ತು ಆ ಅಂಗಳ.

ಬಾವುಟ ಹೊರಟಿತು. ಬೀದಿಯುದ್ದಕ್ಕೂ ಚಪ್ಪಲಿಗಳ ಸದ್ದು ಬಿಟ್ಟರೆ ಏನಿಲ್ಲ. ಮಹಡಿಗಳಿಂದ ಬೊಗಸೆ ಬೊಗಸೆ ಪಕಳೆ ಬೀಳುತ್ತಿತ್ತು. ಬಟ್ಟೆ ನಡುವಿನಲ್ಲಿ ತಗ್ಗಿ, ಕೆಂಪು ಬಿಳುಪು ಎರಡೂ ಹೂವಿನಡಿ ಮುಚ್ಚಿಹೋಗುತ್ತಿತ್ತು. ಸತುರ್ನಿನಾ ಡಬರಿಯನ್ನು ಗೋಡೆಯ ಬದಿಗಿಟ್ಟು ಎಂದಿನ ಹಾಗೆ ಬೀದಿಯಂಚಿನಲ್ಲಿ ನಿಂತಳು. ಎಲ್ಮರ್ ಅವಳ ಪಕ್ಕ ನಿಲ್ಲಲಾರದೆ, ಬಿಟ್ಟು ಹೋಗಲೂ ಆರದೆ, ಎರಡು ಮಾರು ದೂರದಲ್ಲಿ ನಿಂತ.

ಹಿಂದಿನ ಮೂಲೆ ಹತ್ತಿರ ಬಂತು. ಒರ್ತೆನ್ಸಿಯಾಳ ತೋಳು ನಡುಗುತ್ತಿತ್ತು. ಹೂವಿನ ಭಾರಕ್ಕೆ ಅಂಚು ಅವಳ ಕೈಯಿಂದ ಜಗ್ಗುತ್ತಿತ್ತು. ಇನ್ನೊಂದು ಗೇಣು ಇಳಿದರೆ ನೆಲ. ನೆಲ ತಾಗಿದರೆ ಆ ವರ್ಷದ ಮೆರವಣಿಗೆ ಮುಗಿದಂತೆ. ಮುದುಕಿ ಬಾಯಿ ಬಿಡುವಂತಿಲ್ಲ. ಅತ್ತಿತ್ತ ನೋಡಿದಳು, ಹತ್ತಿರದಲ್ಲಿದ್ದ ಹೆಂಗಸಿನ ಕಡೆಗೆ ಗದ್ದ ಎತ್ತಿ ಕರೆದಳು. ಆ ಹೆಂಗಸು ಸತುರ್ನಿನಾ.

ಸತುರ್ನಿನಾ ಲಂಗಕ್ಕೆ ಕೈ ಒರೆಸಿಕೊಂಡು ಬೀದಿಗಿಳಿದಳು. ಅಂಚು ಹಿಡಿದಳು. ಬಾವುಟ ಮೇಲೆದ್ದಿತು.

“ಕೈ ತೊಳ್ದಿದೀಯೇನೇ?” ದೋನ್ಯಾ ಸೊಯ್ಲಾ ಹಲ್ಲು ಕಚ್ಚಿ ಪಿಸುಗುಟ್ಟಿದಳು. ನೂರು ವರ್ಷದಿಂದ ಯಾರೂ ಮುರಿಯದ ಮೌನ ಮುರಿದದ್ದು ಸಂಘದ ಹಿರಿಯಳೇ.

“ನೀವು ಕುಡದ ಕಪ್ಪ ತೊಳದದ್ದೂ ಇದ ಕೈಲೇ ಅಮ್ಮಾರ.”

ಸತುರ್ನಿನಾ ಪಿಸುಗುಟ್ಟಲಿಲ್ಲ. ಪಿಸುಗುಟ್ಟುವುದು ಅವಳಿಗೆ ಬರುತ್ತಿರಲಿಲ್ಲ. ನಿಲ್ದಾಣದಲ್ಲಿ ಕಾರುಗಳ ಗದ್ದಲದ ಮೇಲೆ ಕೂಗಿ ಮಾರುವ ಗಂಟಲು ಅದು. ಮಹಡಿಯ ಮೇಲೆ ಯಾರೋ ಕಿಸಕ್ಕೆಂದರು. ದೋನ್ಯಾ ಸೊಯ್ಲಾ ಮುಂದೆ ನೋಡಿ ನಡೆದಳು.

ಎಲ್ಮರ್ ಬೀದಿಯಂಚಿನಲ್ಲೇ ಗುಂಪನ್ನು ತಳ್ಳಿಕೊಂಡು ಜೊತೆಜೊತೆಗೆ ನಡೆದ. ಅವ್ವ ಹೆಜ್ಜೆ ಹಾಕುತ್ತಿದ್ದಳು, ತುಟಿ ಬಿಗಿದು, ನೀರು ತುಂಬಿದ ಬಿಂದಿಗೆ ಹೊತ್ತವಳ ಹಾಗೆ. ಒರ್ತೆನ್ಸಿಯಾ ಪಕ್ಕದಲ್ಲೇ ತೋಳು ನೀವಿಕೊಳ್ಳುತ್ತ ಬರುತ್ತಿದ್ದಳು. ಎಲ್ಮರನನ್ನು ಕಂಡು ಮುಖ ಅರಳಿಸಿ, ಸತುರ್ನಿನಾಳ ಕಡೆ ಬೆರಳು ತೋರಿಸಿ, ‘ಎಂಥ ಒಳ್ಳೇ ಹೆಂಗಸು ನೋಡು’ ಎನ್ನುವಂತೆ ತಲೆಯಾಡಿಸಿದಳು. ಅವನ ಅವ್ವನನ್ನು ಅವನಿಗೇ ಪರಿಚಯ ಮಾಡಿಕೊಡುತ್ತಿದ್ದಳು ಗಡಿಯಾಚೆಯ ಮುದುಕಿ. ಅವನು ಗಂಟಲಲ್ಲಿ ‘ಅವಳು ನಮ್ಮವ್ವ’ ಎಂಬುದನ್ನು ಇಟ್ಟುಕೊಂಡು ತಾನೂ ತಲೆಯಾಡಿಸಿದ.

ಓಣಿಯ ತಿರುವಿನಲ್ಲಿ ಮುದುಕಿ ಚೇತರಿಸಿಕೊಂಡು ಕೈ ಚಾಚಿದಳು. ಸತುರ್ನಿನಾ ಹೇಳಿಸಿಕೊಳ್ಳದೆ, ಕಾಯಿಸದೆ, ಅಂಚನ್ನು ಅವಳ ಕೈಗವಸಿನೊಳಗಿಟ್ಟು ಬೆರಳು ಮುಚ್ಚಿಸಿ, ಹಿಂದೆ ಸರಿದಳು. ಬಾವುಟ ತಿರುಗಿ ಮರೆಯಾಯಿತು.

ಎಲ್ಮರ್ ಹತ್ತಿರ ಹೋದ. “ಅವ್ವಾ, ಮುಂದಿನ ವರ್ಷ ನಾ ಸರಿಯಾಗಿ ಕೇಳ್ತೀನಿ. ಮೊದಲ ಹೋಗಿ ಕೇಳ್ತೀನಿ.” ಈ ಸಲ ಮನೆಯ ಮಾತೇ ಬಂತು. ತಡವಾಗಿ ಬಂತು.

“ಏನೂ ಬ್ಯಾಡ. ಹಿಡದ ನೋಡಿದ್ನಲ್ಲ. ಭಾಳ ಭಾರ ಐತಿ, ಒದ್ದಿ ಕಂಬಳಿ ಇದ್ದಂಗ.” ಅವಳು ಅಂಗೈ ನೋಡಿಕೊಂಡಳು. “ನಗಬ್ಯಾಡ ಅಷ್ಟ ಸಾಕು. ಅವರು ನಕ್ಕರ ನಗಲಿ. ನೀ ನಗಬ್ಯಾಡ.”

ಕೇಳಿಸಿತ್ತು ಹಾಗಾದರೆ.

ಇಬ್ಬರೂ ಪಕಳೆ ತುಳಿದುಕೊಂಡು ಹಿಂದಕ್ಕೆ ನಡೆದರು. ಗೋಡೆಯ ಬದಿಯಲ್ಲಿದ್ದ ಡಬರಿಯನ್ನು ಅವ್ವ ಎತ್ತಲು ಬಗ್ಗಿದಾಗ ಅವನು ಮೊದಲೇ ಎತ್ತಿ ಹೆಗಲಿಗೇರಿಸಿದ. ಅವ್ವ ಬೇಡವೆನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. ಮುಂದೆ ಮುಂದೆ ನಡೆದಳು. ಅವನ ಅಂಗಡಿಯ ಬೀದಿ ಬಂತು. ಹಲ್ಲಿನ ಡಾಕ್ಟರ ದಲ್ಲಾಳಿಗಳು ಎಂದಿನ ಜಾಗದಲ್ಲಿ ನಿಂತಿದ್ದರು. ಎಲ್ಮರನ ಕತ್ತು ತಾನಾಗಿಯೇ ಡಬರಿಯ ಮರೆಗೆ ವಾಲಿತು. ಅದು ಅವನ ಗಮನಕ್ಕೆ ಬಂತು. ನೆಟ್ಟಗೆ ಮಾಡಿದ. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಮತ್ತೆ ವಾಲಿತ್ತು.